ಭೃತಿ

2016ನೆಯ ಏಪ್ರಿಲ್ 18ರಂದು ನಾವು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಬಸ್ಸಿನೊಳಗೆ ಸಿಕ್ಕಿಕೊಂಡು, ದಾರಿಗಡ್ಡವಾಗಿ ಕುಳಿತಿದ್ದ ಸಹಸ್ರಾರು ಹೆಂಗಸರನ್ನು ಮನಸ್ಸಿನಲ್ಲಿಯೇ ಶಪಿಸಿದೆವು. ಅವರೆಲ್ಲ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಬಟ್ಟೆ ಹೊಲಿಯುವವರು. ಅದೇ ಕೆಲಸದವಳೊಬ್ಬಳು ನಮ್ಮ ವಠಾರದಲ್ಲಿದ್ದಳು. ರಾತ್ರಿ ವಿಚಾರಿಸಲಾಗಿ, “ಅದು ನಮ್ಮ ದುಡ್ಡಲ್ಲವೇ, ಮೇಷ್ಟ್ರೇ?” ಎಂದಳು.

ಸಂಗತಿಯೇನೆಂದರೆ, ಭವಿಷ್ಯನಿಧಿಗೆ ಕೆಲಸಗಾರರ ಸಂಬಳದಿಂದ ಒಂದು ಪಾಲೂ ಮಾಲೀಕರಿಂದ ಇನ್ನೊಂದು ಪಾಲೂ ಸೇರತಕ್ಕದ್ದು. ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂದು ಕೇಂದ್ರ ಸರಕಾರವು ಆ ಫೆಬ್ರವರಿಯಲ್ಲಿ ನಿಯಮ ಹೊರಡಿಸಿತ್ತು. ಮುಪ್ಪಿಗೆ ಉಳಿಯಲಿ ಎಂಬುದು ಉದ್ದೇಶ. ಪಿಂಚಣಿಯ ಭರವಸೆಯಿದ್ದ ನಮಗೂ ಅದು ಯುಕ್ತವೆಂದೇ ತೋರಿತ್ತು. ಆದರೆ ಹೊಲಿಗೆಯಂತ್ರದ ಮುಂದೆ 58ರವರೆಗೆ ಕುಳಿತಿರಬಲ್ಲವರು ಎಷ್ಟು ಮಂದಿ? ಮಗಳ ಮದುವೆಯೋ, ಊರಿನ ಸಾಲವೋ, ಬೆನ್ನುನೋವೋ ಬಂದಾಗ ಕೆಲಸ ಬಿಟ್ಟು ಆ ಗಂಟನ್ನು ಬಿಚ್ಚುವುದೇ ಅವರ ದಾರಿ. ಸಂಸ್ಕೃತದಲ್ಲಿ ಸಂಬಳಕ್ಕೆ ‘ಭೃತಿ’ ಎನ್ನುವರು. ಪೊರೆಯುವುದು ಎಂದು ಅದರ ಧಾತ್ವರ್ಥ. ಮಕ್ಕಳಿಗೆ ವರ್ಷವರ್ಷವೂ ಆ ಧಾತುವನ್ನು ಬಾಯಿಪಾಠ ಮಾಡಿಸುತ್ತಿದ್ದ ನಮಗೆ ಅದರ ಅರ್ಥ ಅಂದು ತಿಳಿಯಿತು.

ಕಾರ್ಮಿಕ ಸಂಘಗಳು ಇಲ್ಲದಿರಲಿಲ್ಲ. ಆದರೆ ಈ ಕರೆ ಅವುಗಳದಲ್ಲ, ಹೆಂಗಸರು ತಾವಾಗಿಯೇ ಎದ್ದುಬಂದಿದ್ದರು. ಮರುದಿನ ಕಲ್ಲು, ಲಾಠಿ, ಬಸ್ಸುಗಳಿಗೆ ಬೆಂಕಿ ಎಲ್ಲವೂ ನಡೆದುವು. ಬೆಂಕಿಯನ್ನು ನಾವು ಈಗಲೂ ಒಪ್ಪಲಾರೆವು. ಅದೇ ದಿನ ಸರಕಾರವು ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ಮುಂದಿನ ವರ್ಷ ನಮ್ಮ ವಠಾರದವಳು ಕೆಲಸ ಬಿಟ್ಟಳು. ಎರಡು ಪಾಲೂ ಕೈಸೇರಿದ ಮೇಲೆ ಸಾಲ ತೀರಿಸಲು ಊರಿಗೆ ಹೊರಟವಳು, ತಾನೇ ಹೊಲಿದ ಕೈಚೀಲವೊಂದನ್ನು ನಮ್ಮ ಮನೆಯವರಿಗೆ ಕೊಟ್ಟುಹೋದಳು.