ಸುಮ್ನ ನಡಿಯಾಕ

ಕುಮಟಾದಿಂದ ಗೋಕರ್ಣದವರೆಗೆ ಸಮುದ್ರದ ದಂಡೆ ಹಿಡಿದು ಮೂರು ದಿನ ನಡೆಯುತ್ತೇವೆ ಎಂದಾಗ ಹಾನಗಲ್ಲಿನ ನಮ್ಮ ಮನೆಯಲ್ಲಿ ಆಯಿ ಕೇಳಿದ್ದು ಒಂದೇ ಪ್ರಶ್ನೆ: "ಯಾವ ದೇವ್ರಿಗೆ ಹರಕಿ ಹೊತ್ತೀಯೋ?"

"ಯಾ ದೇವ್ರಿಗೂ ಇಲ್ಲಬೇ, ಸುಮ್ನ ನಡಿಯಾಕ."

"ಸುಮ್ನ ನಡಿಯಾಕ ಅಷ್ಟು ದೂರ ಯಾಕ? ಹೊಲಾ ಐತಲ್ಲ."

ಆಯಿಯ ಮಾತು ತಪ್ಪಲ್ಲ. ನಮ್ಮ ಕಡೆ ನಡಿಗೆಗೆ ಒಂದು ನೆಪ ಬೇಕು. ಭಾರತ ಹುಣ್ಣಿಮೆಗೆ ಉಳವಿ ಚನ್ನಬಸವೇಶ್ವರ, ಇಲ್ಲವೇ ಮೈಲಾರಲಿಂಗ, ಸವದತ್ತಿ ಎಲ್ಲಮ್ಮ. ಅದೂ ಇಲ್ಲದಿದ್ದರೆ ಹೊಟ್ಟೆಪಾಡು. ಹಾವೇರಿ ಸೀಮೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಅವರಿಗೆ ಯಾರೂ 'ಟ್ರೆಕ್ಕಿಂಗ್ ಹೆಂಗಿತ್ತು' ಎಂದು ಕೇಳಿರಲಿಕ್ಕಿಲ್ಲ.

ನಾವು ಹೊರಟವರು ನಾಲ್ವರು, ನಾಲ್ಕು ತಾಲ್ಲೂಕಿನವರು. ನಾನು ಹಾನಗಲ್ಲಿನವನು. ಶಿಗ್ಗಾಂವಿಯವನ ಊರು ಬಾಡ, ಕನಕದಾಸರು ಹುಟ್ಟಿದ ಊರು. ಸವಣೂರಿನವನು ಒಂದು ಚೀಲದಲ್ಲಿ ಸವಣೂರು ಖಾರಾ, ಇನ್ನೊಂದರಲ್ಲಿ ಒದ್ದೆ ಬಟ್ಟೆ ಸುತ್ತಿದ ವೀಳ್ಯದೆಲೆಯ ಕಟ್ಟು ತಂದಿದ್ದ. ಬಟ್ಟೆಬರೆಗೆ ಜಾಗ ಉಳಿದಿರಲಿಲ್ಲ. ಹಿರೇಕೆರೂರಿನವನು ಏನೂ ತಂದಿರಲಿಲ್ಲ. ತಮ್ಮದು ಸರ್ವಜ್ಞನ ಸೀಮೆ ಎಂಬ ಹೆಮ್ಮೆಯಲ್ಲಿ ಎಲ್ಲದಕ್ಕೂ ಒಂದು ತೀರ್ಪು ಕೊಡುವುದಷ್ಟೇ ಅವನ ಪಾಲಿನ ಕೆಲಸ.

ಶಿರಸಿ ದಾಟಿ ಬಸ್ಸು ದೇವಿಮನೆ ಘಟ್ಟ ಇಳಿಯುವಾಗ ಅಜ್ಜನ ಮಾತು ನೆನಪಾಯಿತು. ಅಜ್ಜನ ಅಜ್ಜ ಇದೇ ಘಟ್ಟವನ್ನು ಹತ್ತಿಯ ಅಂಡಿಗೆ ಹೇರಿದ ಚಕ್ಕಡಿಯ ಹಿಂದೆ ನಡೆದು ಇಳಿದವನಂತೆ. ಇಳಿಜಾರಿನಲ್ಲಿ ಎತ್ತುಗಳ ಕೊರಳಿಗೆ ಭಾರ ಬೀಳದ ಹಾಗೆ ಚಕ್ಕಡಿಯನ್ನು ಹಿಂದಿನಿಂದ ಹಗ್ಗ ಕಟ್ಟಿ ಜಗ್ಗಿ ಹಿಡಿಯಬೇಕಿತ್ತಂತೆ. ಇಂದು ಹಾವೇರಿಯಿಂದ ಹಾನಗಲ್ಲ, ಶಿರಸಿ ಹಾಯ್ದು ಕುಮಟಾ ಮುಟ್ಟುವ ದಾರಿಗೆ 766ಇ ಎಂಬ ಹೆದ್ದಾರಿ ನಂಬರು ಬಿದ್ದಿದೆ. ಆಗ ಅದಕ್ಕೆ ನಂಬರಿರಲಿಲ್ಲ, ಹತ್ತಿಯಿತ್ತು.

ಆ ಹತ್ತಿಯ ಕತೆ ಸೋಜಿಗದ್ದು. ಧಾರವಾಡ ಸೀಮೆಯ ಎರೆಹೊಲದಲ್ಲಿ ಬೆಳೆದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಾಯಿ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿ, ಇಂಗ್ಲೆಂಡಿನ ವ್ಯಾಪಾರಿಗಳು ಅದನ್ನು ಕರೆದದ್ದು 'ಕುಮಟಾ ಹತ್ತಿ' ಎಂದೇ. ಮಳೆ ಸುರಿಯುವ ಕುಮಟಾದ ಕೆಂಪುಮಣ್ಣಿನಲ್ಲಿ ಅದರ ಬೀಜ ಬಿತ್ತಿದವರಿಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬರದಾದಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆ ಕಣ್ಣು ಹಾಕಿದವು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ಬಂದರಿನ ಲೆಕ್ಕಾಚಾರವಿತ್ತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ಹತ್ತಿ ರೈಲು ಹತ್ತಿತು, ಕುಮಟಾದ ದಂಡೆ ತಣ್ಣಗಾಯಿತು.

ತಣ್ಣಗಾದ ಆ ದಂಡೆಯಲ್ಲಿ ನಾವು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯತೊಡಗಿದೆವು. ಎರೆಮಣ್ಣಿನ ಕಾಲಿಗೆ ಮರಳು ಹೊಸದು. ಮಳೆಗಾಲದ ನಮ್ಮ ಹೊಲದಲ್ಲಿ ಹತ್ತು ಹೆಜ್ಜೆ ಇಟ್ಟರೆ ಕಾಲಿಗೆ ಐದು ಸೇರು ಮಣ್ಣು ಮೆತ್ತಿ 'ಹೋಗಬ್ಯಾಡ' ಎನ್ನುತ್ತದೆ. ಒಣ ಮರಳು ಹಾಗಲ್ಲ, ಮುಂದಿಟ್ಟ ಕಾಲನ್ನು ಅರ್ಧ ಹಿಂದಕ್ಕೆ ಜಾರಿಸುತ್ತದೆ. ತೆರೆ ಬಂದು ಹಿಂದೆ ಸರಿದ ಕಡೆ, ಒದ್ದೆಯಾಗಿ ಗಟ್ಟಿಯಾದ ಒಂದು ಮಾರು ಅಗಲದ ಪಟ್ಟಿಯೇ ನಡೆಯುವವರ ರಸ್ತೆ. ಇದನ್ನು ಕಂಡುಕೊಳ್ಳುವಷ್ಟರಲ್ಲಿ ಹಿರೇಕೆರೂರಿನವನ ಮೀನಗಂಡ ಹಿಡಿದುಕೊಂಡಿತ್ತು. "ಸಮುದ್ರ ನೋಡಾಕ ಚಲೋ, ನಡಿಯಾಕಲ್ಲ" ಎಂದು ಅವನ ತೀರ್ಪೂ ಬಂತು.

ದಂಡೆ ಮುಗಿದಲ್ಲಿ ಚಿರೆಕಲ್ಲಿನ ಗುಡ್ಡ, ಗುಡ್ಡ ಇಳಿದರೆ ಮತ್ತೆ ದಂಡೆ. ಹೀಗೆ ಹತ್ತಿ ಇಳಿದು ಒಂದು ಊರು ಮುಟ್ಟಿದೆವು. ಅಂಗಡಿಯಲ್ಲಿ ಚಹಾ ಕುಡಿಯುತ್ತ "ಇದ್ಯಾವ ಊರ್ರಿ?" ಎಂದರೆ, "ಬಾಡ."

ಶಿಗ್ಗಾಂವಿಯವನ ಕಪ್ಪು ಕೈಯಲ್ಲೇ ನಿಂತಿತು. "ನಮ್ಮೂರೂ ಬಾಡಾನರೀ!"

ಅಂಗಡಿಯಾತ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಘಟ್ಟದ ಮೇಲಿನವ್ರಾ?" ಎಂದ. ಹೌದೆಂದೆವು. "ಗೋಕರ್ಣಕ್ಕೆ ಬಸ್ಸುಂಟಲ್ಲ?" ಎಂದ. ಆಯಿಯ ಪ್ರಶ್ನೆಯೇ ಘಟ್ಟ ಇಳಿದು ನಮಗಿಂತ ಮೊದಲು ಬಂದು ಕೂತಿತ್ತು. ಸವಣೂರಿನವನು ಉತ್ತರ ಹೇಳದೆ ಖಾರಾದ ಪೊಟ್ಟಣ ಬಿಚ್ಚಿದ. ಅಂಗಡಿಯಾತ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಇನ್ನೊಂದು ಹಿಡಿ ಮಗಳಿಗೆ ಕಟ್ಟಿಟ್ಟು, ಚಹಾದ ದುಡ್ಡು ಬೇಡವೆಂದ.

ಮೂರನೆಯ ದಿನ ಅಘನಾಶಿನಿಯ ಅಳಿವೆ. ಈ ಹೊಳೆ ಶಿರಸಿಯ ಮಗ್ಗುಲಲ್ಲಿ ಹುಟ್ಟಿ ಪಡುವಣಕ್ಕೆ ಓಡಿ ಬಂದದ್ದು. ನಮ್ಮ ವರದೆಯೂ ಘಟ್ಟದವಳೇ, ಆದರೆ ಅವಳು ಸಮುದ್ರಕ್ಕೆ ಬೆನ್ನು ಹಾಕಿ ಮೂಡಣಕ್ಕೆ ಹರಿದು ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ದೋಣಿಯಲ್ಲಿ ತದಡಿಗೆ ದಾಟುವಾಗ ನಮ್ಮ ಜೊತೆ ಎರಡು ಬೈಕು, ಒಂದು ಮೀನಿನ ಬುಟ್ಟಿ, ಶಾಲೆಯ ಹುಡುಗರು. ಇಳಿತದ ನೀರಿನಲ್ಲಿ ಹೆಂಗಸರು ಮೊಣಕಾಲುಮಟ ನಿಂತು ಚಿಪ್ಪಿ ಆರಿಸುತ್ತಿದ್ದರು. ಅವರೂ ದಿನವಿಡೀ ದಂಡೆಯಲ್ಲೇ ನಡೆಯುವವರು. ಸುಮ್ಮನೆ ನಡೆಯುವವರು ಆ ಹೊಳೆಯಲ್ಲಿ ನಾವು ನಾಲ್ವರೇ.

ಬೆಲೇಕಾನ, ಪ್ಯಾರಡೈಸ್, ಹಾಫ್‌ಮೂನ್, ಓಂ, ಕುಡ್ಲೆ. ಹೆಸರುಗಳು ಕನ್ನಡಕ್ಕೂ ಇಂಗ್ಲಿಷಿಗೂ ಜಿಗಿಯುತ್ತ ಹೋದವು. ಸಂಜೆ ಗೋಕರ್ಣದಲ್ಲಿ ಮಹಾಬಲೇಶ್ವರನಿಗೆ ಕೈಮುಗಿದೆ. ಹರಕೆ ಇರಲಿಲ್ಲ, ಆಯಿ ಕೇಳಿದರೆ ಒಂದು ಉತ್ತರವಿರಲಿ ಎಂದು.

ಮರುದಿನ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಹೋದೆವು. ಗದ್ದೆಯಂಥ ಮಡಿಗಳಲ್ಲಿ ಸಮುದ್ರದ ನೀರು ಬಿಸಿಲಿಗೆ ಕೂತು ಹರಳಾಗುತ್ತಿತ್ತು. ಹತ್ತಿ ಇಳಿಸಿದ ಚಕ್ಕಡಿಗಳು ಬರಿದಾಗಿ ಮರಳುತ್ತಿರಲಿಲ್ಲ, ಘಟ್ಟದ ಮೇಲಕ್ಕೆ ಉಪ್ಪು, ತೆಂಗಿನಕಾಯಿ ಹೇರಿಕೊಂಡು ಹತ್ತುತ್ತಿದ್ದವು. ನಾನೂ ಎರಡು ಕಿಲೋ ಹರಳುಪ್ಪು ಕೊಂಡು ಚೀಲಕ್ಕೆ ಹಾಕಿದೆ.

ಆಯಿ ಉಪ್ಪನ್ನು ಅಂಗೈಯಲ್ಲಿ ಸುರಿದು ನೋಡಿ, ಒಂದು ಹರಳು ನಾಲಿಗೆಗೆ ಇಟ್ಟುಕೊಂಡು, ಉಪ್ಪಿನಕಾಯಿಯ ಭರಣಿ ತೆಗೆದಳು. "ಹಂಗಾರ ಸುಮ್ನ ಹೋಗಿದ್ದಿಲ್ಲ ಬಿಡು" ಎಂದಳು.

ನೀವೂ ಹೋಗಿ. ಮಳೆಗಾಲದಲ್ಲಿ ಬೇಡ, ಹಾಯಿ ಹಡಗುಗಳೂ ಆ ತಿಂಗಳುಗಳಲ್ಲಿ ಕುಮಟಾದ ಕಡೆ ಸುಳಿಯುತ್ತಿರಲಿಲ್ಲ. ಚಳಿಗಾಲದಲ್ಲಿ, ನೀರಿಳಿದ ಹೊತ್ತು ನೋಡಿ, ಒದ್ದೆ ಮರಳಿನ ಮೇಲೆ ನಡೆಯಿರಿ. ಬರುವಾಗ ಮರೆಯದೆ ಉಪ್ಪು ತನ್ನಿ. ಮನೆಯಲ್ಲಿ ಕೇಳುವವರು ಇದ್ದೇ ಇರುತ್ತಾರೆ.