ಬಸ್ಸಿನ ಹೊತ್ತು

ರಿಪ್ಪನ್‌ಪೇಟೆ
ಜುಲೈ 8, 2024, ಸೋಮವಾರ

ಬೆಳಗಿನಿಂದ ಜಡಿಮಳೆ. ಕಾಲೇಜಿನ ಅಡ್ಮಿಷನ್ನಿಗೆ ಗರ್ತಿಕೆರೆ ಕಡೆಯ ಅಪ್ಪ-ಮಗಳು ಬಂದಿದ್ದರು. ಮಾರ್ಕ್ಸ್ ಕಾರ್ಡ್ ನೆನೆಯದಂತೆ ಗೊಬ್ಬರದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರು. ಫೀಸಿನ ಸುದ್ದಿಯೇ ಎತ್ತಲಿಲ್ಲ. "ಕೊನೇ ಪೀರಿಯಡ್ ಎಷ್ಟೊತ್ತಿಗೆ ಬಿಡ್ತದೆ ಮೇಡಂ? ನಾಲ್ಕೂವರೆ ಬಸ್ ತಪ್ಪಿದ್ರೆ ಮನೆ ಮುಟ್ಟೋದು ಕತ್ತಲಿಗೇ" ಅಂದರು. ಮಗಳು ನನ್ನ ಮುಖ ನೋಡುತ್ತ, "ಓಡಿ ಹತ್ತಿದ್ರಾಯ್ತಪ್ಪ" ಅಂದಳು. ಅರ್ಜಿಗೆ ಸಹಿ ಬಿತ್ತು.

ಜುಲೈ 11, ಗುರುವಾರ

ನಾಳಿನ ಪಾಠಕ್ಕೆ ಟಿಪ್ಪಣಿ ಮಾಡಿಕೊಂಡೆ. ನಮ್ಮ ಪೇಟೆಗೆ ಹೆಸರು ಕೊಟ್ಟ ರಿಪ್ಪನ್ ವೈಸರಾಯ್ ಆಗಿದ್ದಾಗಲೇ, 1881ರಲ್ಲಿ, ಮೈಸೂರು ಅರಸರಿಗೆ ರಾಜ್ಯ ಮರಳಿತು. ಅದೇ ವರ್ಷ ಅಂಬಳೆ ನರಸಿಂಹ ಅಯ್ಯಂಗಾರರು ಮೈಸೂರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅದು ಬೆಳೆದು ಮಹಾರಾಣಿ ಕಾಲೇಜಾಯಿತು. 1906ರಲ್ಲಿ ರುಕ್ಮಿಣಿಯಮ್ಮ, ಶ್ರೀರಂಗಮ್ಮ, ಸುಬ್ಬಮ್ಮ ಅಲ್ಲಿ ಬಿ.ಎ. ಮುಗಿಸಿದಾಗ ಪದವಿ ಕೊಟ್ಟದ್ದು ಮದ್ರಾಸ್ ವಿಶ್ವವಿದ್ಯಾಲಯ. ಮೈಸೂರಿನದು ಹುಟ್ಟಿದ್ದು 1916ರಲ್ಲಿ.

ಮರುವರ್ಷ ತೀರ್ಥಹಳ್ಳಿಯಲ್ಲಿ ಹುಟ್ಟಿದ ಕಾದಂಬರಿಗಾರ್ತಿ ಎಂ.ಕೆ. ಇಂದಿರಾ ಅವರಿಗೆ ಅದರಿಂದ ಏನಾಯಿತು? ಹನ್ನೆರಡಕ್ಕೆ ಮದುವೆ, ಓದು ಅಲ್ಲಿಗೇ ನಿಂತಿತು. 'ತುಂಗಭದ್ರಾ' ಬಂದದ್ದು 1963ರಲ್ಲಿ, ಅವರಿಗೆ ನಲವತ್ತು ದಾಟಿದ ಮೇಲೆ. ಈಗ ಅವರ ಕಾದಂಬರಿಗಳ ಮೇಲೇ ಪಿಎಚ್.ಡಿ. ಮಾಡುತ್ತಾರೆ! ದೂರದ ಊರಿನ ಕಾಲೇಜು ಯಾರನ್ನೂ ಬೇಡ ಅನ್ನದಿರಬಹುದು. ಹೋಗಿಬರುವ ದಾರಿಯಿಲ್ಲದ ಹುಡುಗಿಗೆ ಅದು ಇದ್ದೂ ಇಲ್ಲದ ಹಾಗೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಆಗಲು 1987 ಬರಬೇಕಾಯಿತು.

ಜುಲೈ 15, ಸೋಮವಾರ

ಸ್ಟಾಫ್ ಮೀಟಿಂಗ್. ಹಾಜರಾತಿ ಶೇ. 75 ಮುಟ್ಟದವರ ಪಟ್ಟಿ ಓದಿದರು. "ಈ ಹುಡುಗೀರಿಗೆ ಆಸಕ್ತಿಯೇ ಇಲ್ಲ" ಅಂದರು ಒಬ್ಬರು. ಪಟ್ಟಿ ಇಸಕೊಂಡು ಹೆಸರಿನ ಮುಂದೆ ಊರು ಬರೆಯುತ್ತ ಹೋದೆ. ಮುಕ್ಕಾಲು ಪಾಲು ಒಂದೇ ರೂಟಿನವರು. ಅಲ್ಲಿ ಓಡುವುದು ಖಾಸಗಿ ಬಸ್ಸು ಮಾತ್ರ. ಮಳೆ ಜೋರಾದರೆ ಬೆಳಗಿನ ಟ್ರಿಪ್ಪೇ ಇಲ್ಲ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಫ್ರೀ ಎಂದು ನಾಡೆಲ್ಲ ಮಾತು. ಶಕ್ತಿ ಯೋಜನೆ ನಡೆಯುವುದು ಸರ್ಕಾರಿ ಬಸ್ಸಿನಲ್ಲಿ, ಆ ಬಸ್ಸೇ ಬಾರದ ಊರಿಗೆ ಏನು ಫ್ರೀ?

ಪಾಠ ಮಾಡುವ ನಮ್ಮಲ್ಲೂ ಹಲವರು ಅತಿಥಿ ಉಪನ್ಯಾಸಕಿಯರು, ಅದೇ ಸ್ಟಾಪಿನಲ್ಲಿ ಕಾಯುವವರು. ಇದನ್ನು ಎದ್ದು ನಿಂತು ಹೇಳಿದೆ. ಮೊದಲ ಪೀರಿಯಡ್ ಹತ್ತಕ್ಕೆ ತಳ್ಳಲು ಪ್ರಿನ್ಸಿಪಾಲರು ಒಪ್ಪಿದರು. ಬೆಳಗಿಗೊಂದು ಸರ್ಕಾರಿ ಬಸ್ ಬಿಡಿ ಎಂದು ಡಿಪೋಗೆ ಅರ್ಜಿ ಬರೆದಿಟ್ಟಿದ್ದೇನೆ. ನಾಳೆ ಸಹಿ ಹಾಕಿಸುವ ಕೆಲಸ ಆ ಪಟ್ಟಿಯಲ್ಲಿದ್ದ ಹುಡುಗಿಯರದೇ.