ಇಡುಗಂಟೂ ಗುಟ್ಟೂ

ನಮ್ಮ ಅಕ್ಕ ಹುಟ್ಟಿದುದು ಜೂನ್ ತಿಂಗಳ 11ನೆಯ ತಾರೀಖು. ಶಾಲೆಯ ದಾಖಲೆಯಲ್ಲಿಯೂ, ಮತದಾರರ ಚೀಟಿಯಲ್ಲಿಯೂ, ಭಾವನವರು ತೀರಿಕೊಂಡ ಮೇಲೆ ಬಂದ ಪಿಂಚಣಿಯ ಕಾಗದದಲ್ಲಿಯೂ ಹಾಗೆಯೇ ಇದೆ. ಅವಳ ಬ್ಯಾಂಕಿನವರು ಮಾತ್ರ, ಯಾವ ಗುಮಾಸ್ತನ ಕೈ ಜಾರಿತೋ ಕಾಣೆ, ಅದನ್ನು 17 ಎಂದು ಬರೆದುಕೊಂಡಿದ್ದರು. ಪ್ರತಿವರ್ಷವೂ ಜೂನ್ 17ರ ಬೆಳಿಗ್ಗೆ ಅವಳ ಮೊಬೈಲಿಗೆ ಬ್ಯಾಂಕಿನ ಶುಭಾಶಯ ಬರುತ್ತಿದ್ದಿತು. ಮನೆಯವರೆಲ್ಲ ನಗುತ್ತಿದ್ದೆವು. ಅಕ್ಕ ನಗುತ್ತಿರಲಿಲ್ಲ, ನಲವತ್ತು ವರ್ಷ ಮೇಷ್ಟರ ಮನೆಯನ್ನು ತೂಗಿಸಿದವಳು, ತಪ್ಪನ್ನು ಕಂಡರೆ ತಿದ್ದದೆ ಬಿಡತಕ್ಕವಳಲ್ಲ. ಎರಡು ಬಾರಿ ಅರ್ಜಿ ಕೊಟ್ಟಳು. "ಆಗಲಮ್ಮಾ" ಎಂದರು, ಆಗಲಿಲ್ಲ.

ಈ ಆರು ದಿನಗಳ ತಪ್ಪಿನಿಂದಲೇ ಅವಳ ಹಣ ಹೋಯಿತು. ಈ ತಪ್ಪಿನಿಂದಲೇ ತಿರುಗಿ ಬಂದಿತು. ಇಂತಹುದು ಯಾರ ಮನೆಗಾದರೂ ಬರಬಹುದಾದುದರಿಂದ ನಡುನಡುವೆ ಕಾಯಿದೆಯ ಮಾತನ್ನೂ ಹೇಳಬೇಕಾಗಿದೆ. ನಾನು ವಕೀಲನಲ್ಲ, ಓಡಾಡಿ ಕಲಿತುದನ್ನು ಮಾತ್ರ ಬರೆಯುತ್ತೇನೆ.

2022ರ ಜೂನ್ ತಿಂಗಳ ಕೊನೆಯಲ್ಲಿ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂದಿತು. ಆ ಬ್ಯಾಂಕಿನ ಗ್ರಾಹಕರ ಹೆಸರು, ವಿಳಾಸ, ಖಾತೆಯ ಸಂಖ್ಯೆ, ಹುಟ್ಟಿದ ದಿನ ಮೊದಲಾದುವು ಕಳ್ಳರ ಕೈಸೇರಿ ಎಲ್ಲಿಯೋ ಮಾರಾಟಕ್ಕೆ ಬಂದಿವೆ ಎಂಬುದು ಅದರ ಸಾರಾಂಶ. ಮರುದಿನವೇ ಬ್ಯಾಂಕಿನವರ ಹೇಳಿಕೆ ಪ್ರಕಟವಾಯಿತು: ಗ್ರಾಹಕರ ಹಣವೆಲ್ಲವೂ ಸುರಕ್ಷಿತವಾಗಿದೆ ಎಂದು. ಹಣದ ಮಾತನ್ನಾಡಿದರು, ಉಳಿದುದರ ಮಾತನ್ನು ಎತ್ತಲೇ ಇಲ್ಲ. ನಾವೂ ಕಾಫಿ ಕುಡಿದು ಪತ್ರಿಕೆಯನ್ನು ಮಡಿಸಿಟ್ಟೆವು.

ಮೂರು ವಾರಗಳಾದ ಮೇಲೆ ಒಂದು ದಿನ ಹತ್ತೂಮುಕ್ಕಾಲು ಗಂಟೆಯ ಹೊತ್ತಿಗೆ ಅಕ್ಕನಿಗೆ ಫೋನು ಬಂದಿತು. "ಅಮ್ಮನವರೇ, ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ. ಖಾತೆಯ ವಿವರ ಹೊಸದಾಗಿ ದಾಖಲಾಗದಿದ್ದರೆ ಪಿಂಚಣಿ ನಿಂತುಹೋಗುತ್ತದೆ" ಎಂದನು ಒಬ್ಬ ವಿನಯವಂತ. ಭಾವನವರ ಹೆಸರನ್ನು ಹೇಳಿದನು, "ಕಾಲವಾಗಿದ್ದಾರಲ್ಲವೇ?" ಎಂದು ಸ್ವರ ತಗ್ಗಿಸಿ ಕೇಳಿದನು. ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನು ಹೇಳಿದನು. ಆಮೇಲೆ, "ತಾವು ಹುಟ್ಟಿದುದು ಜೂನ್ 17" ಎಂದನು. ಅಕ್ಕ ಸುಮ್ಮನಿರುವಳೇ? "17 ಅಲ್ಲಪ್ಪಾ, 11. ಎಷ್ಟು ಸಲ ಬರೆದುಕೊಟ್ಟಿದ್ದೇನೆ" ಎಂದಳು. ಅವನು ಒಂದು ಕ್ಷಣವೂ ತಡೆಯಲಿಲ್ಲ. "ನಮ್ಮ ಪುಸ್ತಕದಲ್ಲಿ 17 ಎಂದೇ ಇದೆ ಅಮ್ಮಾ, ಈಗಲೇ ತಿದ್ದಿಬಿಡುತ್ತೇನೆ. ತಮ್ಮ ಮೊಬೈಲಿಗೆ ಒಂದು ಸಂಖ್ಯೆ ಬರುತ್ತದೆ, ಅದನ್ನು ಹೇಳಿ" ಎಂದನು. ಎಷ್ಟೋ ವರ್ಷಗಳಿಂದ ಕೇಳಿಕೊಂಡುದು ಕಡೆಗೂ ಕೈಗೂಡಿತೆಂಬ ಸಂತೋಷದಲ್ಲಿ ಅಕ್ಕ ಸಂಖ್ಯೆಯನ್ನು ಓದಿ ಹೇಳಿದಳು. ಹನ್ನೊಂದಕ್ಕೆ 40,000 ರೂಪಾಯಿ ಹೋಗಿದ್ದಿತು.

ಅವಳು ನನ್ನನ್ನು ಕರೆಸಿದಳು. 1930 ಎಂಬ ಸರ್ಕಾರದ ಸಹಾಯವಾಣಿಗೂ ಬ್ಯಾಂಕಿನ ದೂರು ವಿಭಾಗಕ್ಕೂ ಫೋನು ಮಾಡಿ ಹನ್ನೆರಡೂ ಹತ್ತಕ್ಕೆ ದೂರಿನ ಸಂಖ್ಯೆಯನ್ನು ಪಡೆದೆವು. ಆದರೂ ಒಮ್ಮೆ ಬಾಗಿಲು ತೆರೆದುಕೊಂಡಿದ್ದ ಕಳ್ಳನು ಒಂದೂಮುಕ್ಕಾಲಿಗೆ ಮತ್ತೆ 18,500 ರೂಪಾಯಿಗಳನ್ನು ಎತ್ತಿದನು. ಸಂಜೆ ಪೊಲೀಸು ಠಾಣೆಯಲ್ಲಿ ಅಕ್ಕ ಹೇಳಿದುದನ್ನು ಹೇಳಿದ ಹಾಗೆಯೇ ಬರೆದುಕೊಟ್ಟೆನು. ಹದಿನೇಳು ಹನ್ನೊಂದರ ವಾಗ್ವಾದವೂ ಅದರಲ್ಲಿ ಬಂದಿತು. ಅದು ಬೇಡದ ಮಾತೆಂದು ಹೊಡೆದುಹಾಕಲು ಹೊರಟಿದ್ದೆನು. "ಇರಲಿ, ಅವನು ಹೇಳಿದ್ದು ಹೌದಷ್ಟೆ" ಎಂದಳು ಅಕ್ಕ. ಕಳ್ಳ ಸಿಕ್ಕಲಿಲ್ಲ.

ಬ್ಯಾಂಕಿನ ಉತ್ತರ ತಿಂಗಳೊಳಗೆ ಬಂದಿತು: ಗ್ರಾಹಕರು ಗುಪ್ತಸಂಖ್ಯೆಯನ್ನು ತಾವಾಗಿಯೇ ತಿಳಿಸಿರುವುದರಿಂದ ಬ್ಯಾಂಕು ಹೊಣೆಯಲ್ಲ. ಒಂದೇ ವಾಕ್ಯ.

ಆಗ ಹುಡುಕಿ ಓದಿದುದು ರಿಸರ್ವ್ ಬ್ಯಾಂಕಿನವರು 2017ರ ಜುಲೈ 6ರಂದು ಹೊರಡಿಸಿದ್ದ ಆಜ್ಞೆ. ಬ್ಯಾಂಕಿನ ಅಜಾಗ್ರತೆಯಿಂದ ಹಣ ಹೋದರೆ, ಗ್ರಾಹಕನು ತಿಳಿಸಿದರೂ ತಿಳಿಸದಿದ್ದರೂ ಅವನ ಮೇಲೆ ಹೊರೆಯಿಲ್ಲ. ತಪ್ಪು ಇಬ್ಬರದೂ ಅಲ್ಲದೆ ನಡುವಣ ವ್ಯವಸ್ಥೆಯಲ್ಲಿದ್ದರೆ, ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ ಸಾಧಾರಣ ಉಳಿತಾಯ ಖಾತೆಯವನು ಹೆಚ್ಚೆಂದರೆ 10,000 ರೂಪಾಯಿ ಹೊರಬೇಕು. ಗ್ರಾಹಕನೇ ಗುಪ್ತಸಂಖ್ಯೆಯನ್ನು ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು. ಗ್ರಾಹಕನೇ ಹೊಣೆಯೆಂದು ಸಾಧಿಸುವ ಭಾರ ಬ್ಯಾಂಕಿನ ಮೇಲೆಯೇ ಇರತಕ್ಕದ್ದು. ಇಷ್ಟನ್ನು ಓದಿದ ಕೂಡಲೆ ಹನ್ನೆರಡೂ ಹತ್ತರ ಆ ದೂರಿನ ಸಂಖ್ಯೆಗೆ ಎಷ್ಟು ಬೆಲೆಯೆಂಬುದು ತಿಳಿಯಿತು. ಓದುವ ಮನೆಯವರೆಲ್ಲ ಬೇರೇನನ್ನು ಮರೆತರೂ ಗಂಟೆಯನ್ನು ಬರೆದಿಟ್ಟುಕೊಳ್ಳುವುದನ್ನು ಮರೆಯಬಾರದು.

ಬ್ಯಾಂಕಿನ ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ ಮೂವತ್ತು ದಿನ ಕಳೆದರೂ ಬಾರದಿದ್ದರೆ, 2021ರ ಯೋಜನೆಯಂತೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಕೊಡಬಹುದಾಗಿದ್ದಿತು. ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ. ಬೆಂಗಳೂರಿಗೆ ಬರೆಯಬೇಕೆಂದುಕೊಂಡಿದ್ದ ನಾನು ಚಂಡೀಗಡಕ್ಕೆ ಬರೆದೆನು. ಅಂಚೆಯ ದೂರುಗಳೆಲ್ಲ ಅಲ್ಲಿಗೇ ಹೋಗುತ್ತಿದ್ದುವು. 2023ರ ಜನವರಿಯಲ್ಲಿ ಎರಡನೆಯ ಮೊತ್ತ, ಎಂದರೆ 18,500 ರೂಪಾಯಿ, ಅಕ್ಕನ ಖಾತೆಗೆ ಬಂದಿತು. ಮೊದಲನೆಯದು ಬರಲಿಲ್ಲ, ಅದಕ್ಕೆ ವಿಸ್ತಾರವಾದ ಸಾಕ್ಷ್ಯವಿಚಾರಣೆ ಬೇಕು, ಬೇರೆ ಕಡೆ ಹೋಗಿರಿ ಎಂದರು.

ನನಗೆ ಸಮಾಧಾನವಾಗಿದ್ದಿತು. ಅಕ್ಕನಿಗೆ ಆಗಿರಲಿಲ್ಲ. "ದುಡ್ಡು ಹೋಗಲಿ ಕಣೋ. ನಿಮ್ಮ ಭಾವನ ಹೆಸರನ್ನು ಆ ಹಾಳಾದವನಿಗೆ ಹೇಳಿದವರು ಯಾರು? ಅದನ್ನು ಕೇಳು" ಎಂದಳು.

ಈ ಪ್ರಶ್ನೆಯನ್ನು ಕೇಳುವ ಮನೆ ಯಾವುದೆಂಬುದು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಪೂರ್ವಿಕರು ಇಡುಗಂಟಿನ ವಿಚಾರವನ್ನು ಕೂಲಂಕಷವಾಗಿ ನೋಡಿದ್ದರು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಉಪನಿಧಿಯೆಂಬುದು ಒಂದುಂಟು: ಪೆಟ್ಟಿಗೆಯೊಳಗೆ ಏನಿದೆಯೆಂಬುದನ್ನು ಹೇಳದೆ ಮತ್ತೊಬ್ಬನ ಕೈಯಲ್ಲಿಟ್ಟ ಪದಾರ್ಥ. ಅದನ್ನು ಇಟ್ಟ ಹಾಗೆಯೇ ಹಿಂದಿರುಗಿಸಬೇಕು. ಅರಸನೋ ದೈವವೋ ಕಳ್ಳರೋ ಅಪಹರಿಸಿದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ; ನಾರದನು ಮಾತ್ರ, ಅವನ ಕಪಟವಿಲ್ಲದಿದ್ದರೆ, ಎಂದು ಗಂಟು ಹಾಕುತ್ತಾನೆ. ಯಾಜ್ಞವಲ್ಕ್ಯನಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು. ಆದರೆ ಅವರ ಲೋಕದಲ್ಲಿ ಕದ್ದ ಪದಾರ್ಥ ಇದ್ದ ಕಡೆ ಇರುತ್ತಿರಲಿಲ್ಲ. ಗುಟ್ಟಾದರೋ ಕದ್ದ ಮೇಲೂ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಬೀಗವೂ ಹಾಗೆಯೇ ಇರುತ್ತದೆ. ಹಣ ಸುರಕ್ಷಿತವಾಗಿದೆಯೆಂದ ಬ್ಯಾಂಕಿನವರು ಸುಳ್ಳು ಹೇಳಿರಲಿಲ್ಲ.

ಇಂಗ್ಲೆಂಡಿನಲ್ಲಿ 1923ರಲ್ಲಿ ಟೂರ್ನಿಯೆ ಎಂಬಾತನ ಮೊಕದ್ದಮೆ ತೀರ್ಮಾನವಾಯಿತು. ಅವನ ಬ್ಯಾಂಕಿನ ಮ್ಯಾನೇಜರು ಅವನ ಯಜಮಾನರಿಗೆ ಫೋನು ಮಾಡಿ, ಈತನ ದುಡ್ಡು ಜೂಜಿನವರಿಗೆ ಹೋಗುತ್ತಿರುವಂತಿದೆ ಎಂದು ಬಾಯಿಬಿಟ್ಟನು. ಟೂರ್ನಿಯೆಗೆ ಕೆಲಸ ಹೋಯಿತು. ಗ್ರಾಹಕನ ಗುಟ್ಟನ್ನು ಕಾಯುವುದು ಬ್ಯಾಂಕಿನ ಕರಾರಿನಲ್ಲಿ ಬರೆಯದೆಯೂ ಇರುವ ಮಾತೆಂದು ಅಪೀಲು ನ್ಯಾಯಾಲಯ ಹೇಳಿತು. (ಹೇಳಿದ ನ್ಯಾಯಾಧೀಶರೊಬ್ಬರ ಹೆಸರೇ ಬ್ಯಾಂಕ್ಸ್ ಎಂಬುದು ಒಂದು ವಿನೋದ.) ನಮ್ಮಲ್ಲಿ, ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. ಆ ಹಿರಿಯರು 2024ರಲ್ಲಿ ಕಾಲವಾದರು. ವೃದ್ಧಾಪ್ಯದಲ್ಲಿ ಹಟ ಹಿಡಿಯುವವಳು ನಮ್ಮ ಅಕ್ಕ ಒಬ್ಬಳೇ ಅಲ್ಲವೆಂದು ನನಗೆ ಧೈರ್ಯ ಬಂದುದು ಇವರನ್ನು ನೆನೆದು.

ಎರಡು ದಾರಿಗಳಿದ್ದುವು. ಮಾಹಿತಿ ತಂತ್ರಜ್ಞಾನ ಕಾಯಿದೆಯ 43ಎ ವಿಧಿಯಂತೆ, ಜನರ ಸೂಕ್ಷ್ಮವಾದ ವಿವರಗಳನ್ನು ಅಜಾಗ್ರತೆಯಿಂದ ಕಾಯ್ದ ಸಂಸ್ಥೆ ಪರಿಹಾರ ತೆರಬೇಕು. ಐದು ಕೋಟಿಯವರೆಗಿನ ಕೋರಿಕೆಯನ್ನು ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಗಳು ನಿರ್ಣಯಾಧಿಕಾರಿಯಾಗಿ ಕೇಳುತ್ತಾರೆ. ಇದೇ ಕಾಯಿದೆಯ ಕೆಳಗೆ 2010ರಲ್ಲಿ ತಮಿಳುನಾಡಿನ ಅಧಿಕಾರಿಗಳು, ಬ್ಯಾಂಕಿನ ಸೋಗಿನ ಪತ್ರಕ್ಕೆ ಮೋಸಹೋದ ಗ್ರಾಹಕನೊಬ್ಬನಿಗೆ ಬ್ಯಾಂಕೇ 12 ಲಕ್ಷಕ್ಕೂ ಮಿಗಿಲಾಗಿ ಕೊಡಬೇಕೆಂದು ಆಜ್ಞೆ ಮಾಡಿದ್ದರು. ಆದರೆ ನಮ್ಮ ಪಾಲಿಗೆ ಬೆಂಗಳೂರಿನ ಪ್ರಯಾಣ ಮತ್ತೆ ಮತ್ತೆ ಬೀಳುತ್ತಿತ್ತು. ಇನ್ನೊಂದು, ಜಿಲ್ಲೆಯ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಸೇವೆಯ ಕೊರತೆಯನ್ನಷ್ಟೇ ಹೇಳಿ ಬಿಡುವುದಿಲ್ಲ. ಗ್ರಾಹಕನು ನಂಬಿ ಕೊಟ್ಟ ಸ್ವಂತ ವಿವರವನ್ನು ಪರರಿಗೆ ತಿಳಿಸುವುದನ್ನೂ ಅನುಚಿತ ವ್ಯಾಪಾರಪದ್ಧತಿಗಳಲ್ಲಿ ಎಣಿಸಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ತಾವೇ ನಿಂತು ವಾದಿಸಬಹುದು. 2023ರ ಮಾರ್ಚಿಯಲ್ಲಿ ಅಲ್ಲಿ ದೂರಿಟ್ಟೆವು.

ಬ್ಯಾಂಕಿನ ವಕೀಲರು ಒಳ್ಳೆಯ ವಾದಿಗಳು. ಹುಟ್ಟಿದ ದಿನವೂ ಗಂಡನ ಹೆಸರೂ ನೂರು ಕಡೆ ಬರೆದಿರುತ್ತವೆ; ಕಳ್ಳನಿಗೆ ಎಲ್ಲಿಂದ ಸಿಕ್ಕಿತೋ, ಬ್ಯಾಂಕಿನಿಂದಲೇ ಎಂಬುದಕ್ಕೆ ಏನು ಪ್ರಮಾಣ ಎಂದರು. ನ್ಯಾಯವಾದ ಪ್ರಶ್ನೆಯೇ. ಇಂತಹ ಮೊಕದ್ದಮೆಗಳಲ್ಲಿ ಗ್ರಾಹಕನು ಮುಗ್ಗರಿಸುವುದು ಇಲ್ಲಿಯೇ. ಅಕ್ಕ ಎದ್ದು ನಿಂತು, "ಸ್ವಾಮೀ, ನೂರು ಕಡೆ 11 ಎಂದು ಬರೆದಿದೆ. 17 ಎಂದು ಬರೆದಿರುವುದು ಒಂದೇ ಕಡೆ" ಎಂದಳು. ಶಾಲೆಯ ಪ್ರಮಾಣಪತ್ರ, ಪಿಂಚಣಿಯ ಕಾಗದ, ಮತದಾರರ ಚೀಟಿ ಇವನ್ನು ಮುಂದಿಟ್ಟೆವು. ಮೊಬೈಲಿನಲ್ಲಿ ಉಳಿದಿದ್ದ ಜೂನ್ 17ರ ಶುಭಾಶಯಗಳನ್ನು ತೋರಿಸಿದೆವು. ಮೋಸ ನಡೆದ ದಿನವೇ ಬರೆದುಕೊಟ್ಟಿದ್ದ ಪೊಲೀಸು ದೂರಿನ ಪ್ರತಿಯನ್ನು ಓದಿದೆವು. ಬ್ಯಾಂಕಿನ ಮೂಲದಾಖಲೆಯನ್ನು ಹಾಜರುಮಾಡಬೇಕೆಂದು ಆಯೋಗದವರು ಹೇಳಿದರು. ಅದರಲ್ಲಿಯೂ 17.

2024ರ ಆಗಸ್ಟಿನಲ್ಲಿ ಆಜ್ಞೆಯಾಯಿತು. 40,000 ರೂಪಾಯಿ, ಅದರ ಬಡ್ಡಿ, ಮನಸ್ಸಿನ ಕ್ಲೇಶಕ್ಕೂ ಖರ್ಚಿಗೂ ಸೇರಿ 10,000. ಭಾವನವರ ಹೆಸರನ್ನು ಹೇಳಿದವರು ಯಾರೆಂಬುದು ಆಜ್ಞೆಯಲ್ಲಿ ಇರಲಿಲ್ಲ. ಅದನ್ನು ಕೇಳುವ ಅಂಕಣ ನಮ್ಮ ಅರ್ಜಿಯಲ್ಲಿಯೂ ಇರಲಿಲ್ಲ.

ಹೊಸ ಕಾಯಿದೆಯೊಂದು 2023ರಲ್ಲಿ ಆಗಿದೆ. ವ್ಯಕ್ತಿಗಳ ವಿವರಗಳ ರಕ್ಷಣೆಗಾಗಿಯೇ ಆದುದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯವಾದ ವಿಧಿಗಳು ಆಮೇಲೆ ಹದಿನೆಂಟು ತಿಂಗಳಿಗೆ ಜಾರಿಗೆ ಬರತಕ್ಕವೆಂದು ಗೊತ್ತುಮಾಡಲಾಯಿತು. ವಿವರಗಳು ಸೋರಿದರೆ ಸೋರಿದವೆಂದು ಪ್ರತಿಯೊಬ್ಬನಿಗೂ ತಡಮಾಡದೆ ತಿಳಿಸಬೇಕೆಂಬುದು ಅದರಲ್ಲಿದೆ; ಇದು ನಿಜವಾಗಿ ದೊಡ್ಡ ಮಾತು. ಜೂನ್ ತಿಂಗಳಲ್ಲಿ ಅಂತಹ ಒಂದು ಕಾಗದ ಬಂದಿದ್ದರೆ ಜುಲೈಯಲ್ಲಿ ಅಕ್ಕ ಫೋನನ್ನು ಇಟ್ಟುಬಿಡುತ್ತಿದ್ದಳು. ಕಾಪಾಡದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡವೂ ಉಂಟು. ಆದರೆ ಆ ದಂಡವೆಲ್ಲ ಸರ್ಕಾರದ ಬೊಕ್ಕಸಕ್ಕೆ. ಗುಟ್ಟು ಕಳೆದುಕೊಂಡವನಿಗೆ ಅದರಲ್ಲಿ ಕಾಸೂ ಇಲ್ಲ. ಪರಿಹಾರವನ್ನು ಹೇಳುತ್ತಿದ್ದ 43ಎ ವಿಧಿಯನ್ನೂ ಈ ಕಾಯಿದೆಯೇ ತೆಗೆದುಹಾಕುತ್ತದೆ. ಇದು ಯಾವ ಲೆಕ್ಕವೋ ನನಗೆ ತಿಳಿಯದು. ಗೋವು ಕಳೆದುಕೊಂಡವನ ಎದುರಿಗೆ ಕಳ್ಳನಿಂದ ದಂಡ ಕಟ್ಟಿಸಿಕೊಂಡು ಅರಮನೆಯ ಕೊಟ್ಟಿಗೆಗೆ ಹಸು ತಂದಂತೆ ತೋರುತ್ತದೆ. ಗ್ರಾಹಕರ ಆಯೋಗದ ಬಾಗಿಲಾದರೂ ತೆರೆದಿರಲಿ.

ಹಣ ಬಂದ ದಿನ ಅಕ್ಕ ಹೋಳಿಗೆ ಮಾಡಿದಳು. ಮರುವಾರ ಬ್ಯಾಂಕಿಗೆ ಹೋಗಿ, ಹುಟ್ಟಿದ ದಿನವನ್ನು ತಿದ್ದಬೇಕೆಂದು ಮೂರನೆಯ ಅರ್ಜಿ ಕೊಟ್ಟು, ಅದರ ಪ್ರತಿಗೆ ಮೊಹರು ಹಾಕಿಸಿಕೊಂಡು ಬಂದಳು. 2025ರ ಜೂನ್ 11ರಂದು ಬೆಳಗಿನಿಂದ ಸಂಜೆಯವರೆಗೆ ಮೊಬೈಲನ್ನು ನೋಡುತ್ತಿದ್ದಳು. ಶುಭಾಶಯ 17ರಂದು ಬಂದಿತು.